ಭಾಗೀರಥಮ್ಮನ ಪಂಚಾಂಗದ ಹಿಂದಿನ ಹಾಳೆ

ಗಾಂಧಿಬಜಾರಿನ ಒಂದು ಸಂದಿಯಲ್ಲಿ, ಜೆರಾಕ್ಸ್ ಅಂಗಡಿಯ ಮಹಡಿ ಮೇಲೆ, ಗೌರೀಶ ಎಂಬಾತ ಪ್ರವಾಸದ ಆಫೀಸು ಇಟ್ಟುಕೊಂಡಿದ್ದ. ಮೊರಾಕೊ ದೇಶಕ್ಕೆ ಹೊರಡುವ ಗುಂಪು ಯಾವುದೇ ಇರಲಿ, ಹಿಂದಿನ ಭಾನುವಾರ ಎಲ್ಲರೂ ಅಲ್ಲಿ ಸೇರಬೇಕು, ಉಪ್ಪಿಟ್ಟು ಕಾಫಿ ಮುಗಿಸಬೇಕು, ಆಮೇಲೆ ತೆಪ್ಪಗೆ ಕೂತು ಭಾಗೀರಥಮ್ಮ ಹೇಳುವುದನ್ನು ಕೇಳಬೇಕು. ಇದು ಕಟ್ಟುನಿಟ್ಟು. "ಅಡುಗೆಯೋರ ಹತ್ರ ಏನ್ರೀ ಕೇಳೋದು, ಸಾರಿನ ಪುಡಿ ಅಳತೇನಾ?" ಅಂತ ಪ್ರತಿ ಸಲವೂ ಒಬ್ಬರಾದರೂ ಗೊಣಗುತ್ತಿದ್ದರು. ಗೊಣಗಲಿ ಬಿಡಿ. ಅರ್ಧ ಗಂಟೆ ಕಳೆಯುವುದರೊಳಗೆ ಅದೇ ಮಹಾನುಭಾವರು ಪಕ್ಕದವರ ಪೆನ್ನು ಇಸಕೊಂಡು ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದರು.

ಇದು ಎರಡು ಸಾವಿರದ ಐದು, ಆರನೇ ಇಸವಿಯ ಮಾತು. ಭಾಗೀರಥಮ್ಮನಿಗೆ ಆಗ ಅರವತ್ತು ದಾಟಿತ್ತು. ಐದಡಿಗೆ ಒಂದಿಂಚು ಕಮ್ಮಿ, ಒಗೆದೊಗೆದು ಮೆತ್ತಗಾದ ನೂಲಿನ ಸೀರೆ, ಹುಣಸೆಹಣ್ಣು ಕಿವುಚಿ ಒರಟಾದ ಕೈ. ಚೀಲದಿಂದ ಒಂದು ಹಳೇ ಪಂಚಾಂಗ ತೆಗೆಯುತ್ತಿದ್ದಳು. ಪಂಚಾಂಗದ ಕೊನೆಗೆ ಹಾಲಿನ ಲೆಕ್ಕ ಬರೆಯೋಕೆ ಅಂತ ಖಾಲಿ ಹಾಳೆ ಬಿಟ್ಟಿರುತ್ತಾರಲ್ಲ, ಅದರ ತುಂಬ ಅರಬ್ಬಿ ಮಾತು, ಅಲ್ಲಿಯ ಗುಡ್ಡಗಾಡಿನ ಬರ್ಬರ್ ಜನರ ಮಾತು, ಎಲ್ಲಾ ಕನ್ನಡ ಅಕ್ಷರದಲ್ಲಿ.

"ಅಮಾನ್ ಅಂದ್ರೆ ನೀರು. ಅಗ್ರುಂ ಅಂದ್ರೆ ರೊಟ್ಟಿ. ಇವೆರಡು ಬಂದ್ರೆ ಬೆಟ್ಟದಲ್ಲಿ ಯಾರೂ ಸಾಯಲ್ಲ," ಎಂದು ಶುರು ಮಾಡುತ್ತಿದ್ದಳು. "ಬೆಂಕಿಗೆ ಅಲ್ಲಿ ಬೆಂಕಿ ಅಂತ ಬಾಯ್ಬಿಟ್ಟು ಅನ್ನಲ್ಲ, ಆಫಿಯಾ ಅಂತಾರೆ. ಅಂದ್ರೆ ಕ್ಷೇಮ, ಆರೋಗ್ಯ. ನಮ್ಮನೇಲಿ ದೀಪ ಆರ್ಸು ಅಂತೀವಾ? ದೊಡ್ಡದು ಮಾಡು ಅಂತೀವಿ. ಅಕ್ಕಿ ಮುಗೀತು ಅಂತೀವಾ? ಹೆಚ್ಚಿದೆ ಅಂತೀವಿ. ಅವ್ರೂ ನಮ್ಮ ಥರಾನೇ ಮಾತಿಗೆ ಹೆದ್ರೋ ಜನ. ಅಷ್ಟು ತಿಳ್ಕೊಂಡ್ರೆ ಅರ್ಧ ದೇಶ ನೋಡ್ದಂಗೆ."

ಹಾಳೆಯ ಕೆಳಗೆ, ಅರಿಶಿನದ ಬೆರಳಿನ ಗುರುತು ಬಿದ್ದಲ್ಲಿ, ಒಂದು ಸಾಲು ಇತ್ತು. ಅದನ್ನು ಕೊನೆಗೆ ಹೇಳುತ್ತಿದ್ದಳು. ಹೇಳುವ ಮುಂಚೆ ಒಂದು ಗುಟುಕು ನೀರು ಕುಡಿಯುತ್ತಿದ್ದಳು. ಆ ಸಾಲು ಪಂಚಾಂಗದೊಳಕ್ಕೆ ಬಂದ ಕತೆಯೇ ಇದು.

ಭಾಗೀರಥಮ್ಮ ಹುಟ್ಟಿದ್ದು, ಬೆಳೆದದ್ದು, ಗಂಡನ್ನ ಕಟ್ಟಿಕೊಂಡದ್ದು, ಕಳಕೊಂಡದ್ದು ಎಲ್ಲಾ ಚಾಮರಾಜಪೇಟೆಯ ಒಂದೇ ವಠಾರದಲ್ಲಿ. ಮೂರು ವರ್ಷದವಳಿದ್ದಾಗ ಅಪ್ಪ ಹೋದ. ಅಮ್ಮ ನಾಲ್ಕು ಮನೆಯ ಅಡುಗೆ ಹಿಡಿದಳು, ಮದುವೆ ಕಾಲದಲ್ಲಿ ಛತ್ರದ ಒಲೆ ಮುಂದೆ ಬೆಂದಳು, ಬೇಸಿಗೆಯಲ್ಲಿ ಬೇರೆಯವರ ತಾರಸಿ ಮೇಲೆ ಹಪ್ಪಳ ಸಂಡಿಗೆ ಹಾಕಿದಳು. ಊರಿಗೆಲ್ಲ ಬಿಸಿಬಿಸಿ ಬಡಿಸಿ, ತಾನು ಕೊನೆಗೆ ಪಾತ್ರೆಯ ತಳ ಕೆರೆದು ತಿಂದ ಹೆಂಗಸು. ಒಂದು ದಿನವಾದರೂ ಎಲೆ ಮುಂದೆ ಕೂತು, ಯಾರಾದರೂ "ಇನ್ನೊಂಚೂರು ಹಾಕ್ಲಾ?" ಅಂತ ಕೇಳಿ ಉಂಡದ್ದನ್ನು ಭಾಗೀರಥಮ್ಮ ನೋಡಿರಲಿಲ್ಲ.

ಎಪ್ಪತ್ತೊಂದರಲ್ಲಿ ಅಮ್ಮ ತೀರಿಕೊಂಡಳು, ಚೈತ್ರ ಬಹುಳ ದಶಮಿ. ಗಂಡುಮಕ್ಕಳಿಲ್ಲ. ದಾಯಾದಿಯೊಬ್ಬ ಒಂದು ವರ್ಷ ಶ್ರಾದ್ಧ ಮಾಡಿದ, ಎರಡನೇ ವರ್ಷ ಮುಖ ತಿರುಗಿಸಿಬಿಟ್ಟ. "ನಾನೇ ಮಾಡ್ತೀನಿ," ಎಂದಳು ಭಾಗೀರಥಮ್ಮ. "ಹೆಣ್ಮಕ್ಕಳಿಗೆ ಅಧಿಕಾರ ಇಲ್ಲಮ್ಮ, ಬೇಕಾದ್ರೆ ಸ್ವಯಂಪಾಕ ಕೊಡು," ಎಂದರು ಹಿರಿಯರು. ಅಂದರೆ ಒಂದು ಊಟಕ್ಕೆ ಆಗುವಷ್ಟು ಅಕ್ಕಿ, ಬೇಳೆ, ಬೆಲ್ಲ, ತುಪ್ಪ, ಬೇಯಿಸದೆ ಹಾಗೇ ಗಂಟು ಕಟ್ಟಿ, ಹೋದವರ ಹೆಸರಿನಲ್ಲಿ ಒಬ್ಬ ಬ್ರಾಹ್ಮಣನಿಗೆ ಕೊಟ್ಟುಬಿಡುವುದು.

ಸರಿ, ಅಂದಿನಿಂದ ಪ್ರತಿ ಚೈತ್ರ ಬಹುಳ ದಶಮಿ ಭಾಗೀರಥಮ್ಮ ಉಪವಾಸವಿದ್ದು ಗಂಟು ಹೊತ್ತು ಮಠಕ್ಕೆ ಹೋಗುತ್ತಿದ್ದಳು. ಒಳಗಿನವರು ತಲೆ ಎತ್ತದೆ ಗದ್ದ ಆಡಿಸಿ, "ಅಲ್ಲಿಡಮ್ಮ," ಅನ್ನುತ್ತಿದ್ದರು. ಗೋಡೆ ಪಕ್ಕ ಇಟ್ಟು ಬರುತ್ತಿದ್ದಳು. ಯಾರ ತಿಥಿ ಅಂತ ಕೇಳಿದವರಿಲ್ಲ. ಅವರದೇನು ತಪ್ಪು, ದಿನಕ್ಕೆ ಅಂಥ ಹತ್ತು ಗಂಟು ಬರುತ್ತವೆ. ಆದರೆ ಮನೆಗೆ ನಡೆಯುತ್ತಾ ಪ್ರತಿ ವರ್ಷ ಅವಳಿಗೆ ಅದೇ ಸಂಕಟ: ಅಮ್ಮನಿಗೆ ಮುಟ್ಟಿತೋ ಇಲ್ಲವೋ? ವರ್ಷಕ್ಕೊಂದು ದಿನ ಬರುತ್ತಾಳಂತೆ, ಆ ದಿನವೂ ಹಸಿದುಕೊಂಡು ಹೋದಳೇನೋ?

ಇನ್ನು ಸುಬ್ಬಮ್ಮನ ವಿಷಯ ಇಲ್ಲೇ ಹೇಳಿಬಿಡಬೇಕು. ಸುಬ್ಬಮ್ಮ ವಠಾರಕ್ಕೆ ಹೂವು ಕೊಡುವ ಹೆಂಗಸು. ಗದ್ದದ ಮೇಲೆ ಮೂರು ಚುಕ್ಕಿ ಹಚ್ಚೆ, ತಲೆ ಮೇಲೆ ಬುಟ್ಟಿ, ವಠಾರದ ಬಾಗಿಲಿಂದಲೇ ಕೇಳುವ ಗಂಟಲು. ಭಾಗೀರಥಮ್ಮನ ಅಮ್ಮ ಹೋದ ಎರಡು ವರ್ಷಕ್ಕೆ ಬರೋಕೆ ಶುರು ಮಾಡಿದವಳು, ಒಂದು ದಿನ ತಪ್ಪಿಸಿದ್ದಿಲ್ಲ. ದೇವರಿಗೆ ಒಂದು ಮೊಳ ಹೂವು, ನಾಲ್ಕು ಕುಡಿ ತುಳಸಿ ಕೊಟ್ಟು ನಲ್ಲಿ ಕಟ್ಟೆಯ ಮೇಲೆ ಕೂರುವಳು. ಅಲ್ಲೇ ಅವಳಿಗೆಂದು ಬೇರೆ ಲೋಟ ಬೋರಲು ಹಾಕಿರುತ್ತಿತ್ತು. ಭಾಗೀರಥಮ್ಮ ಅದಕ್ಕೆ ಕಾಫಿ ಎತ್ತಿ ಹುಯ್ಯುವಳು. ಎರಡನೇ ಡಿಕಾಕ್ಷನ್ನು, ಸುಳ್ಳೇಕೆ ಹೇಳಬೇಕು. ಸುಬ್ಬಮ್ಮ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಬುಟ್ಟಿ ಎತ್ತುತ್ತಾ ದಿನಾ ಅದೇ ಮಾತು: "ನಿಮ್ಮನ್ನ ಹೆತ್ತ ಹೊಟ್ಟೆ ತಣ್ಗಿರ್ಲಿ ಕಣಮ್ಮ, ಬತ್ತೀನಿ." ಭಾಗೀರಥಮ್ಮ "ಹೂಂ, ಬಾಗ್ಲು ಮುಂದಕ್ಕೆ ಹಾಕ್ಕೊಂಡೋಗು," ಅನ್ನುವಳು.

ತೊಂಬತ್ತಮೂರರಲ್ಲಿ ಗೌರೀಶ ವಠಾರಕ್ಕೆ ಬಂದ. ಯಾವುದೋ ಮದುವೆಯಲ್ಲಿ ಅವಳ ಕೈಯ ಹುಳಿ ಉಂಡು ಹುಡುಕಿಕೊಂಡು ಬಂದಿದ್ದ. "ಅಮ್ಮಾ, ಕಾಶಿಗೆ ಮೂವತ್ತು ಜನ ಕರ್ಕೊಂಡ್ ಹೋಗ್ತಿದೀನಿ. ದೇವ್ರು ಇಲ್ದಿದ್ರೂ ಇರ್ತಾರೆ, ಸಾರನ್ನ ಇಲ್ದಿದ್ರೆ ಇರಲ್ಲ. ನೀವು ಬಂದ್ಬಿಡಿ." ಹೋದಳು. ಆಮೇಲೆ ಬದರಿ, ಕಠ್ಮಂಡು, ಸಿಂಗಾಪುರ. ಅಡುಗೆಯವಳು ಮುನಿದರೆ ಪ್ರವಾಸ ಕೆಟ್ಟಿತೆಂದು ಗೌರೀಶನಿಗೆ ಬೇಗ ತಿಳಿಯಿತು, ಹೊಗಳಿಕೆಯನ್ನೆಲ್ಲ ತಾನೇ ಬಾಚಿಕೊಳ್ಳುತ್ತಿದ್ದ ಅನ್ನುವುದು ಬೇರೆ ಮಾತು. ಅಟ್ಟಿಕ್ಕಿದವಳಿಗಿಂತ ಬೊಟ್ಟಿಕ್ಕಿದವಳು ಹೆಚ್ಚು ಅಂತ ಗಾದೆಯೇ ಇದೆಯಲ್ಲ.

ಎರಡು ಸಾವಿರದ ಒಂದರಲ್ಲಿ ಮೊರಾಕೊ ಅಂದ. ಹೊರಡುವ ದಿನ, ಬರುವ ದಿನ ನೋಡಿ ಭಾಗೀರಥಮ್ಮ ಪಂಚಾಂಗ ತೆಗೆದಳು. ದಶಮಿ ಸರಿಯಾಗಿ ನಡುವೆ ಬಿದ್ದಿತ್ತು.

"ನಾ ಬರಲ್ಲಪ್ಪ. ಅಮ್ಮನ ತಿಥಿ."

ಗೌರೀಶ ಅಂಗಲಾಚಿದ. ಇವಳು ಮಠಕ್ಕೆ ಹೋಗಿ ಕೇಳಿದಳು. "ಪರದೇಶದಲ್ಲಿ ಸ್ವಯಂಪಾಕ ಯಾರಿಗೆ ಕೊಡ್ತೀಯಮ್ಮ? ಯಾರೂ ಸಿಗದಿದ್ರೆ ಸಂಜೆಯೊಳಗೆ ಹರಿಯೋ ನೀರಿಗೆ ಬಿಡು, ಆಗುತ್ತೆ," ಎಂದರು ಅಲ್ಲಿಯ ಹಿರಿಯ ಆಚಾರ್ಯರು. ದಶಮಿಯ ದಿನ ಮಧ್ಯಾಹ್ನ ನಾವು ಇಳಿಯೋ ಊರಲ್ಲಿ ದೊಡ್ಡ ಹೊಳೆ ಇದೆ, ನಾನೇ ನಿಮ್ಮನ್ನ ಕರ್ಕೊಂಡ್ ಹೋಗ್ತೀನಿ ಅಂತ ಗೌರೀಶ ಆಣೆ ಮಾಡಿದ. ಹಾಗಾಗಿ ಅವಳು ಒಪ್ಪಿದಳು. ಎರಡು ಸೇರು ಅಕ್ಕಿ, ಅರ್ಧ ಸೇರು ಬೇಳೆ, ಒಂದು ಅಚ್ಚು ಬೆಲ್ಲ, ಪುಟ್ಟ ಡಬ್ಬಿಯಲ್ಲಿ ತುಪ್ಪ, ಮಡಿಯಲ್ಲಿ ಒಣಗಿಸಿದ ಬಿಳೀ ಬಟ್ಟೆಯಲ್ಲಿ ಕಟ್ಟಿ, ಅಡುಗೆ ಸಾಮಾನಿನ ಜೊತೆ ಸೇರಿಸದೆ ಬೇರೆ ಕೈಚೀಲದಲ್ಲಿ ಇಟ್ಟುಕೊಂಡಳು.

ಎರಡು ವಿಮಾನ ಬದಲಿಸಿ ಇಪ್ಪತ್ತೆಂಟು ಜನ ಕಾಸಾಬ್ಲಾಂಕಾದಲ್ಲಿ ಇಳಿದರು. ಅಲ್ಲಿ ಸಿಕ್ಕವನು ಲಹ್ಸೆನ್, ದಾರಿ ತೋರಿಸುವ ಗೈಡು, ಬೆಟ್ಟದ ಬರ್ಬರ್ ಜನದವನು. ಇಂಗ್ಲಿಷಿನಲ್ಲಿ ಹೇಳುವನು, ಗೌರೀಶ ಕನ್ನಡಕ್ಕೆ ಹಾಕುವನು. ಮಿಕ್ಕವರು ಕೋಟೆ, ಅರಮನೆ ಬಗ್ಗೆ ಕೇಳಿದರೆ ಭಾಗೀರಥಮ್ಮ ಕೇಳಿದ್ದು ನೀರಿಗೇನು, ಉಪ್ಪಿಗೇನು, ಸಾಕು ಅನ್ನೋಕೇನು. ಲಹ್ಸೆನ್‌ಗೆ ಈಯಮ್ಮನ ಮೇಲೆ ಪ್ರೀತಿ ಹುಟ್ಟಿಬಿಟ್ಟಿತು. ಬಸ್ಸಿನಲ್ಲಿ ಅವಳ ಹಿಂದಿನ ಸೀಟಿನಲ್ಲೇ ಕೂರತೊಡಗಿದ. ಬಾಯಿಗೆ ತುತ್ತಿಡುವ ಮುಂಚೆ ಬಿಸ್ಮಿಲ್ಲಾ ಅನ್ನುತ್ತೇವೆ, ಊಟಕ್ಕೆ ಕೂರಿ ಅಂತ ಕರೆಯೋದಕ್ಕೂ ಅದೇ ಮಾತು ಅಂದ. ಹೋಟೆಲಿನ ಕೆಲಸದವಳು ಬೆಳಗಾಗೆದ್ದು ತಲೆಸ್ನಾನ ಮಾಡಿ ಬಂದ ಇವಳನ್ನು ನೋಡಿ "ಬಿಸ್ಸಹಾ" ಅಂದಳು, ಸ್ನಾನ ನಿಮಗೆ ಆರೋಗ್ಯ ತರಲಿ ಅಂತ. "ಮೈ ತೊಳ್ಕೊಂಡೋರಿಗೂ ಆಶೀರ್ವಾದ ಮಾಡ್ತಾರಲ್ಲಪ್ಪ ಈ ಜನ!" ಎಂದು ಭಾಗೀರಥಮ್ಮ ಬಾಯಿ ಮೇಲೆ ಬೆರಳಿಟ್ಟುಕೊಂಡಳು. ಹ್ಶೂಮಾ ಅಂದರೆ ನಾಚಿಕೆಗೇಡು, ಮಾಡಬಾರದ್ದು, ದೊಡ್ಡವರು ಮಕ್ಕಳಿಗೆ ಹೇಳೋದು. ಒಂದು ಬೆಳಿಗ್ಗೆ ಲಹ್ಸೆನ್‌ನ ಕೈಯಿಂದ ರೊಟ್ಟಿಯ ಚೂರು ನೆಲಕ್ಕೆ ಬಿತ್ತು. ಎತ್ತಿ, ಮುತ್ತಿಟ್ಟು, ಹಣೆಗೊತ್ತಿಕೊಂಡು, ಯಾರೂ ತುಳಿಯದ ಕಡೆ ಗೋಡೆ ಮೇಲಿಟ್ಟ. ಅನ್ನ ಕಾಲಿಗೆ ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳಿಗೆ ಅದನ್ನು ಯಾರೂ ಅರ್ಥ ಹೇಳಬೇಕಾಗಲಿಲ್ಲ.

ದಶಮಿ ಬಂತು. ನಸುಕಿನಲ್ಲೇ ಸ್ನಾನ ಮಾಡಿ, ಗಂಟಿಗೆ ಕೈ ಮುಗಿದು, ಬಾಯಿಗೆ ನೀರೂ ಹಾಕದೆ ಬಸ್ಸು ಹತ್ತಿದಳು. ಅಡುಗೆ ಸಾಮಾನಿನ ವ್ಯಾನು ಮೊದಲೇ ಹೊರಟು ಮುಂದಿನ ಊರು ಸೇರಿತ್ತು. ಬಸ್ಸು ಬೆಟ್ಟ ಹತ್ತಿ ಇನ್ನೇನು ಇಳಿಯಬೇಕು, ಮುಂದೆ ರಸ್ತೆ ಮೇಲೆ ಗುಡ್ಡವೇ ಜಾರಿ ಕೂತಿತ್ತು. ಮಣ್ಣು, ಬಂಡೆ. ತೆಗೆಯೋಕೆ ಯಂತ್ರ ಬರಬೇಕು, ಸಂಜೆಯಾದರೂ ಆಗಬಹುದು ಅಂದರು. ಆಗ ಬೆಳಿಗ್ಗೆ ಹತ್ತು ಗಂಟೆ.

ಭಾಗೀರಥಮ್ಮ ಗಂಟಿದ್ದ ಚೀಲವನ್ನು ತೊಡೆ ಮೇಲಕ್ಕೆ ಎಳೆದುಕೊಂಡಳು. ಹೊಳೆ ಆಚೆ, ತಾನು ಈಚೆ.

ಹನ್ನೆರಡಾಯಿತು. ಕುರುಕಲು ತಿಂಡಿಯನ್ನೆಲ್ಲ ನಮ್ಮ ಜನ ಹಿಂದಿನ ದಿನವೇ ಗುಳುಂ ಮಾಡಿದ್ದರು. ಮಲ್ಲೇಶ್ವರದ ನಿವೃತ್ತ ಹೆಡ್‌ಮಾಸ್ಟರು ರೇವಣಸಿದ್ದಯ್ಯನವರಿಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆ ಸೂಜಿ ಚುಚ್ಚಿಕೊಂಡಿದ್ದರು. ಅವರ ಕೈ ನಡುಗತೊಡಗಿತು, ಹಣೆ ಬೆವರಿತು. "ಯಾರ ಹತ್ರ ಆದ್ರೂ ಒಂಚೂರು ಸಿಹಿ ಇದ್ಯೇನ್ರೀ?" ಎಂದು ಗೌರೀಶ ಸೀಟು ಸೀಟಿಗೆ ಕೇಳಿಕೊಂಡು ಬಂದ. ಭಾಗೀರಥಮ್ಮನ ತೊಡೆ ಮೇಲಿನ ಚೀಲದಲ್ಲಿ ಅಚ್ಚು ಬೆಲ್ಲವಿತ್ತು.

ಕೊಡಬೇಕು ಅನ್ನುತ್ತಿತ್ತು ಒಂದು ಮನಸ್ಸು. ಅಮ್ಮನಿಗೆ ಎತ್ತಿಟ್ಟದ್ದು, ಮುರಿದರೆ ಎಂಜಲು ಅನ್ನುತ್ತಿತ್ತು ಇನ್ನೊಂದು. ಮೂವತ್ತು ವರ್ಷದಲ್ಲಿ ಒಂದು ಸಲವೂ ಆ ಗಂಟಿನಿಂದ ಒಂದು ಕಾಳು ತೆಗೆದವಳಲ್ಲ. ಬಾಯಲ್ಲಿ ಕಡುಬು ತುರುಕಿಕೊಂಡವಳ ಹಾಗೆ ಕೂತಳು. ಕೊನೆಗೆ ಕೈ ಚೀಲದೊಳಗೆ ಹೋಗಿ, ಬೆರಳು ಗಂಟಿನ ಮೇಲಿತ್ತು, ಅಷ್ಟರಲ್ಲಿ ಬಸ್ಸಿನ ಬಾಗಿಲಲ್ಲಿ ಗದ್ದಲವಾಯಿತು.

ಲಹ್ಸೆನ್ ಕೆಳಗಿನ ಹಳ್ಳಿಗೆ ಓಡಿಹೋಗಿ ಬಂದಿದ್ದ. ಅವನ ಹಿಂದೆ ಹೆಂಗಸರ ಸಾಲು, ಕೆಟಲು, ಗಾಜಿನ ಲೋಟ, ಬಟ್ಟೆ ಸುತ್ತಿದ ಬುಟ್ಟಿ. ಮುಂದೆ ಬಂದವಳ ಹೆಸರು ಫದ್ಮಾ, ಹೆಚ್ಚುಕಮ್ಮಿ ಭಾಗೀರಥಮ್ಮನ ವಯಸ್ಸಿನವಳೇ. ಗದ್ದದ ಮೇಲೆ ಹಚ್ಚೆ. ಅರೆ, ನಮ್ಮ ಸುಬ್ಬಮ್ಮನ ಥರಾನೇ ಇದಾಳಲ್ಲ ಅನ್ನಿಸಿತು ಇವಳಿಗೆ. ಫದ್ಮಾ ರೇವಣಸಿದ್ದಯ್ಯನವರ ಮುಖ ನೋಡಿದವಳೇ ಒಂದು ಮಾತು ಕೇಳದೆ ಪುದೀನ ಹಾಕಿದ ಚಹಾ ಬಗ್ಗಿಸಿ ಕೈಗೆ ಹಿಡಿಸಿದಳು. ಪಾಯಸಕ್ಕಿಂತ ಸಿಹಿ. ಹತ್ತು ನಿಮಿಷಕ್ಕೆ ಅವರ ಕೈ ನಡುಕ ನಿಂತಿತು. "ಬದುಕ್ಕೊಂಡೆ ಕಣಮ್ಮ ತಾಯಿ," ಎಂದು ಅವರು ಆ ಹೆಂಗಸಿಗೆ ಅಚ್ಚ ಕನ್ನಡದಲ್ಲಿ ಕೈ ಮುಗಿದರು.

ಭಾಗೀರಥಮ್ಮನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಹ್ಶೂಮಾ ಅಂದರೆ ಏನು ಎಂದು ಲಹ್ಸೆನ್ ಆವತ್ತು ವಿವರಿಸಿದ್ದು ಸಾಲದಿದ್ದರೆ, ಈಗ ಪೂರ್ತಿ ತಿಳಿಯಿತು.

ಎಲ್ಲರನ್ನೂ ಹಳ್ಳಿಗೆ ಕರೆದುಕೊಂಡು ಹೋದರು. ಕೆಂಪು ಮಣ್ಣಿನ ಇಪ್ಪತ್ತು ಮನೆ, ನಡುವೆ ತೋಟಕ್ಕೆ ನೀರು ಹಾಯುವ ಸಣ್ಣ ಕಾಲುವೆ. ಎಷ್ಟು ಮನೆ ಅಂತ ಗೌರೀಶ ಕೇಳಿದರೆ ಲಹ್ಸೆನ್ "ಇಪ್ಪತ್ತು ತಾಕಾತ್" ಅಂದ. ತಾಕಾತ್ ಅಂದರೆ ಒಲೆ, ಸಂಸಾರಕ್ಕೂ ಅದೇ ಮಾತು. ಅಣ್ಣತಮ್ಮಂದಿರು ಪಾಲಾದರೆ ಒಲೆ ಬೇರೆ ಆಯ್ತು ಅನ್ನುವ ನಾಡಿನಿಂದ ಬಂದವರಿಗೆ ಅದೇನು ಹೊಸದೇ? ಆ ಇಪ್ಪತ್ತು ಒಲೆಯವರು ತಮ್ಮ ತಮ್ಮ ಮನೆಯ ರೊಟ್ಟಿ ತಂದು ಒಂದು ಚಾಪೆಯ ಮೇಲಿಟ್ಟರು. ಜೊತೆಗೆ ಆಲಿವ್ ಎಣ್ಣೆ, ಜೇನು. ಬಿಸ್ಮಿಲ್ಲಾ, ಬಿಸ್ಮಿಲ್ಲಾ ಎಂದು ಕೂರಿಸಿದರು. ಆ ಮನೆಗಳಲ್ಲಿ ಆ ದಿನಕ್ಕೆ ಇದ್ದದ್ದೇ ಅಷ್ಟು ಅಂತ ನೋಡಿದರೆ ಗೊತ್ತಾಗುತ್ತಿತ್ತು.

ಭಾಗೀರಥಮ್ಮ ಮಾತ್ರ ತಿನ್ನಲಿಲ್ಲ. ಫದ್ಮಾ ರೊಟ್ಟಿ ಮುರಿದು ಕೈಗಿಟ್ಟಳು, ಇವಳು ತಲೆ ಅಲ್ಲಾಡಿಸಿದಳು. ಮೂರು ಸಲ ಆಯಿತು. ಫದ್ಮಾಳ ಮುಖ ಸಣ್ಣದಾಯಿತು. ಗಂಟು ಕೊಡುವ ತನಕ ಉಪವಾಸ ಅಂತ ಇವಳು ಯಾವ ಭಾಷೆಯಲ್ಲಿ ಹೇಳಬೇಕು?

ಮೂರು ಗಂಟೆ ದಾಟಿತು. ಬೆಟ್ಟದಲ್ಲಿ ಸೂರ್ಯ ಬೇಗ ಮರೆಯಾಗುತ್ತಾನೆ. ದೊಡ್ಡ ಹೊಳೆ ಇನ್ನು ಸಿಗುವುದಿಲ್ಲ, ಕಾಲುವೆಯೂ ಹರಿಯುವ ನೀರೇ ಅಲ್ಲವೇ ಅಂದುಕೊಂಡು ಭಾಗೀರಥಮ್ಮ ಮೆಲ್ಲಗೆ ಎದ್ದು, ಕಾಲುವೆಯ ಹತ್ತಿರ ಹೋಗಿ, ದಕ್ಷಿಣಕ್ಕೆ ತಿರುಗಿ ಕೂತು, ಗಂಟು ಬಿಚ್ಚಿದಳು. ಅಮ್ಮನನ್ನು ನೆನೆದು ಅಕ್ಕಿಯನ್ನು ಬೊಗಸೆಯಲ್ಲಿ ತುಂಬಿ ನೀರಿನ ಮೇಲೆ ಹಿಡಿದಳು.

ಯಾರೋ ಅವಳ ಮಣಿಕಟ್ಟು ಹಿಡಿದರು, ಗಟ್ಟಿಯಾಗಿ.

ಫದ್ಮಾ. ಕಣ್ಣು ಇಷ್ಟಗಲ ಆಗಿತ್ತು. "ಹ್ಶೂಮಾ!" ಎಂದಳು, ಒಂದು ಸಲವಲ್ಲ, ಎರಡು ಸಲ. ಅಕ್ಕಿಯನ್ನು ತೋರಿಸಿದಳು, ನೀರನ್ನು ತೋರಿಸಿದಳು, ಚಾಪೆಯ ಸುತ್ತ ಕೂತ ಜನರನ್ನು, ಬರಿದಾದ ಬುಟ್ಟಿಯನ್ನು ತೋರಿಸಿದಳು. ಇಪ್ಪತ್ತು ಮನೆಯ ರೊಟ್ಟಿ ಬಂದು ಮುಗಿದಿದೆ, ನೀನು ಅನ್ನವನ್ನು ನೀರಿಗೆ ಸುರಿಯುತ್ತೀಯಾ?

ಭಾಗೀರಥಮ್ಮನಿಗೆ ಸಿಟ್ಟೂ ಬಂತು, ಅಳುವೂ ಬಂತು. ಬೊಗಸೆ ಬಿಡದೆ, ಲಹ್ಸೆನ್ ಹೇಳಿಕೊಟ್ಟ ಮಾತುಗಳಲ್ಲಿ ಹುಡುಕಿ ಹುಡುಕಿ ಒಂದನ್ನು ಹೊರಗೆಳೆದಳು. "ಇಮ್ಮಿ," ಎಂದಳು. ನನ್ನಮ್ಮ. ಆಕಾಶ ತೋರಿಸಿದಳು. ಅಕ್ಕಿ ತೋರಿಸಿದಳು. ಹೊಟ್ಟೆ ಮುಟ್ಟಿಕೊಂಡು, "ಹಸಿದಿದಾಳೆ ಕಣೇ ನಮ್ಮಮ್ಮ, ಇವತ್ತು ಬರ್ತಾಳೆ, ನಾ ಏನ್ ಕೊಡ್ಲೇ?" ಎಂದು ಕನ್ನಡದಲ್ಲೇ ಬಿಕ್ಕಿದಳು.

ಹೆತ್ತವಳ ಹೆಸರೆತ್ತಿ ಅಳುವ ಹೆಂಗಸು ಏನು ಹೇಳುತ್ತಿದ್ದಾಳೆ ಅಂತ ಇನ್ನೊಬ್ಬ ಹೆಂಗಸಿಗೆ ತಿಳಿಯದೇ ಹೋಗುತ್ತದೆಯೇ? ಫದ್ಮಾ ಹಿಡಿದಿದ್ದ ಕೈ ಸಡಿಲಿಸಿದಳು. ನೀರಿನ ಮುಂದೆ ಇವಳಿಗೆ ಎದುರಾಗಿ ಮಂಡಿಯೂರಿ, ಹೊದ್ದಿದ್ದ ಬಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲು ಹಾಸಿದಳು.

ನಮ್ಮಲ್ಲಿ ಮಡಿಲು ತುಂಬಿಸಿಕೊಳ್ಳುವವರು ಹಾಸುತ್ತಾರಲ್ಲ, ಥೇಟ್ ಹಾಗೆ.

ಭಾಗೀರಥಮ್ಮ ಒಂದು ಗಳಿಗೆ ಯೋಚಿಸಿದಳು. ಬ್ರಾಹ್ಮಣನಿಗೆ ಕೊಡಬೇಕಾದ್ದು. ಇವಳು ಯಾರೋ ಏನೋ. ಆದರೆ ಮೂವತ್ತು ವರ್ಷದಲ್ಲಿ ಅಮ್ಮನ ಗಂಟಿಗೆ ಯಾರೂ ಎರಡು ಕೈ ಒಡ್ಡಿರಲಿಲ್ಲ. ಬೊಗಸೆ ತಿರುಗಿಸಿದಳು. ಅಕ್ಕಿ ಫದ್ಮಾಳ ಮಡಿಲಿಗೆ ಬಿತ್ತು. ಬೇಳೆ ಬಿತ್ತು, ಬೆಲ್ಲ, ತುಪ್ಪದ ಡಬ್ಬಿ.

ಫದ್ಮಾ ಕಣ್ಣು ಮುಚ್ಚಿ ಹೇಳಿದಳು: "ಅಲ್ಲಾ ಇರ್ಹಮ್ ಲ್ವಾಲಿದೀನ್."

ಅಷ್ಟರಲ್ಲಿ ಗೌರೀಶ, ಲಹ್ಸೆನ್ ಇಬ್ಬರೂ ಇವಳನ್ನು ಹುಡುಕಿಕೊಂಡು ಬಂದು ಹಿಂದೆ ನಿಂತಿದ್ದರು. "ಏನಂದ್ಲು ಕೇಳೋ," ಎಂದಳು ಭಾಗೀರಥಮ್ಮ. ಲಹ್ಸೆನ್ ಹೇಳಿದ, ಗೌರೀಶ ಕನ್ನಡಕ್ಕೆ ಹಾಕಿದ. ಹಾಕುವಾಗ ಅವನ ದನಿ ಯಾಕೋ ತಗ್ಗಿತು. "ಥ್ಯಾಂಕ್ಸ್ ಹೇಳಿದ್ಲಮ್ಮ. ಬರೀ ಥ್ಯಾಂಕ್ಸ್ ಸಾಲ್ದಾಗ ಇಲ್ಲಿ ಹಿಂಗಂತಾರಂತೆ. ಉಪಕಾರ ಮಾಡಿದೋರಿಗಲ್ಲ, ಅವ್ರನ್ನ ಹೆತ್ತೋರಿಗೆ ಹೋಗುತ್ತಂತೆ. ನಿನ್ನ ತಾಯಿತಂದೆ ಮೇಲೆ ದೇವ್ರ ದಯೆ ಇರ್ಲಿ ಅಂತ."

ಭಾಗೀರಥಮ್ಮ ಅಲ್ಲೇ ಕಾಲುವೆಯ ದಂಡೆ ಮೇಲೆ ಕೂತುಬಿಟ್ಟಳು. ಅತ್ತಳು, ನಾಚಿಕೆ ಬಿಟ್ಟು ಅತ್ತಳು. ಸಾವಿರಾರು ಮೈಲಿ ಆಚೆ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ತನ್ನ ಅಮ್ಮನಿಗೆ ಅಂತಲೇ ಒಂದು ಮಾತು ಹೇಳಿದ್ದಳು. ಮುಟ್ಟಿತೋ ಇಲ್ಲವೋ ಅಂತ ಆ ವರ್ಷ ಕೇಳಿಕೊಳ್ಳಬೇಕಾಗಲಿಲ್ಲ. ಅವಳ ಕಣ್ಣ ಮುಂದೆಯೇ ಮುಟ್ಟಿತ್ತು.

ಕೊಟ್ಟ ಮೇಲೆ ಅದು ಫದ್ಮಾಳ ಅಕ್ಕಿ. ಫದ್ಮಾ ಏನು ಮಾಡಿದಳು ಗೊತ್ತೇ? ನೆಟ್ಟಗೆ ಒಲೆಯ ಹತ್ತಿರ ಹೋಗಿ ದೊಡ್ಡ ಪಾತ್ರೆ ಇಟ್ಟಳು, ಭಾಗೀರಥಮ್ಮನ ಕೈಗೆ ಸೌಟು ಕೊಟ್ಟಳು. ಇವಳು ಮೂಗೊರೆಸಿಕೊಂಡು, ಸೆರಗು ಸಿಕ್ಕಿಸಿ, ನೀರು ಜಾಸ್ತಿ ಹಾಕಿ ಹುಗ್ಗಿ ಮಾಡಿದಳು. ಇಪ್ಪತ್ತೆಂಟು ಜನಕ್ಕೆ, ಹಳ್ಳಿಯ ಮಕ್ಕಳಿಗೆ, ಒಂದೊಂದು ಸೌಟು. ಎಲ್ಲರಿಗೂ ಬಡಿಸಿ ತಳ ಕೆರೆಯೋಕೆ ಹೊರಟವಳನ್ನು ಫದ್ಮಾ ಭುಜ ಹಿಡಿದು ಚಾಪೆಯ ಮೇಲೆ ಕೂರಿಸಿ, ಮೊದಲೇ ತೆಗೆದಿಟ್ಟಿದ್ದ ಬಟ್ಟಲನ್ನು ಮುಂದಿಟ್ಟು, ಇನ್ನೊಂಚೂರು ಹಾಕಲೇ ಅಂತ ಸೌಟು ಹಿಡಿದು ಕಣ್ಣಲ್ಲೇ ಕೇಳಿದಳು. "ಹಾಕಮ್ಮ," ಎಂದಳು ಭಾಗೀರಥಮ್ಮ.

ಆ ರಾತ್ರಿಯೇ ಫದ್ಮಾ ಹೇಳಿದ ಮಾತನ್ನು ಪಂಚಾಂಗದ ಹಿಂದಿನ ಹಾಳೆಯ ಕೆಳಗೆ ಬರೆದಿಟ್ಟುಕೊಂಡಳು. ಬೆಂಗಳೂರಿಗೆ ವಾಪಸಾದ ಮಾರನೇ ಬೆಳಿಗ್ಗೆ ಎಂದಿನ ಹೊತ್ತಿಗೆ ವಠಾರದ ಬಾಗಿಲಲ್ಲಿ "ಹೂವಾ" ಅಂತ ಗಂಟಲು ಕೇಳಿಸಿತು. "ಬಂದ್ರಾ ಅಮ್ಮಾರೇ? ಹದಿನೈದ್ ದಿನ ಬಾಗ್ಲು ಹಾಕಿತ್ತು, ಬಣಗುಟ್ತಿತ್ತು ಕಣಮ್ಮ," ಎಂದು ಸುಬ್ಬಮ್ಮ ಹೂವು ಕೊಟ್ಟು ನಲ್ಲಿ ಕಟ್ಟೆ ಮೇಲೆ ಕೂತಳು. ಭಾಗೀರಥಮ್ಮ ಕಾಫಿ ಹುಯ್ದಳು. ಮಾತಾಡುತ್ತಾ ಬೆಟ್ಟ, ಬಸ್ಸು, ಗದ್ದದ ಮೇಲೆ ಹಚ್ಚೆ ಇದ್ದ ಹೆಂಗಸು ಎಲ್ಲಾ ಹೇಳಿದಳು. ಸುಬ್ಬಮ್ಮ ಬಾಯಿ ಬಿಟ್ಟುಕೊಂಡು ಕೇಳಿದಳು. ಕುಡಿದು, ಲೋಟ ತೊಳೆದು ಬೋರಲು ಹಾಕಿ, ಬುಟ್ಟಿ ಎತ್ತಿದಳು.

"ನಿಮ್ಮನ್ನ ಹೆತ್ತ ಹೊಟ್ಟೆ ತಣ್ಗಿರ್ಲಿ ಕಣಮ್ಮ, ಬತ್ತೀನಿ."

ಭಾಗೀರಥಮ್ಮ "ಹೂಂ" ಅನ್ನೋಕೆ ಬಾಯಿ ತೆರೆದವಳು ಹಾಗೇ ನಿಂತಳು.

"ಏನಂದೆ? ಇನ್ನೊಂದ್ ಸಲ ಹೇಳು."

"ಅಯ್ಯೋ, ನಾ ದಿನಾ ಅನ್ನೋದೇ ಅಲ್ವಾ ಅಮ್ಮಾರೇ? ತಪ್ಪಾಯ್ತಾ?"

ದಿನಾ. ಇಪ್ಪತ್ತೆಂಟು ವರ್ಷ, ದಿನಾ. ಮಠದ ಗೋಡೆ ಪಕ್ಕ ವರ್ಷಕ್ಕೊಂದು ಗಂಟು ಇಟ್ಟು ಅಮ್ಮನಿಗೆ ಮುಟ್ಟಿತೋ ಇಲ್ಲವೋ ಎಂದು ತಾನು ಕೊರಗುತ್ತಿದ್ದಾಗ, ಈ ಹೆಂಗಸು ಒಂದು ಲೋಟ ತೆಳ್ಳನೆ ಕಾಫಿಗೆ ದಿನಾ ಬೆಳಿಗ್ಗೆ ತನ್ನ ಅಮ್ಮನ ಹೊಟ್ಟೆ ತಣ್ಣಗಿರಲಿ ಅಂತ ಹರಸಿ ಹೋಗುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಈ ಮಾತು ಕೇಳಿಸಿಕೊಳ್ಳೋಕೆ ಎರಡು ವಿಮಾನ ಹತ್ತಬೇಕಾಯಿತು. "ತಪ್ಪು ನಿಂದಲ್ಲ ಸುಬ್ಬಮ್ಮ, ನಂದು," ಎಂದು ಭಾಗೀರಥಮ್ಮ ಅವಳ ಕೈ ಹಿಡಿದುಕೊಂಡಳು. ಸುಬ್ಬಮ್ಮ ಗಾಬರಿಯಾಗಿ ಮಡಿ ಮಡಿ ಅಂತ ಕೈ ಎಳೆದುಕೊಳ್ಳೋಕೆ ನೋಡಿದರೂ ಬಿಡಲಿಲ್ಲ.

ಮರುವರ್ಷ ಚೈತ್ರ ಬಹುಳ ದಶಮಿಯ ದಿನ ಭಾಗೀರಥಮ್ಮ ಮಠಕ್ಕೆ ಹೋಗಲಿಲ್ಲ. ಸ್ನಾನ ಮಾಡಿ, ಗಂಟು ಕಟ್ಟಿ, ಹೂವಿನ ಹೊತ್ತಿಗೆ ಬಾಗಿಲಲ್ಲಿ ನಿಂತಳು.

"ಇವತ್ತು ನಮ್ಮಮ್ಮನ ತಿಥಿ ಸುಬ್ಬಮ್ಮ. ಇದನ್ನ ನೀನು ಇಸ್ಕೋಬೇಕು."

"ಶಿವನೇ, ನಂಗ್ಯಾಕಮ್ಮ ಇದೆಲ್ಲ? ಐನೋರಿಗ್ ಕೊಡೋದಲ್ವಾ?"

"ನಿಂಗೇ. ದಿನಾ ಅವಳನ್ನ ನೆನೆಸ್ಕೊಂಡೋಳು ನೀನೊಬ್ಳೇ."

ಸುಬ್ಬಮ್ಮನಿಗೆ ಅರ್ಥವಾಯಿತೋ ಇಲ್ಲವೋ. ಬುಟ್ಟಿ ಕೆಳಗಿಟ್ಟು, ಕೈ ತೊಳೆದು ಬಂದು, ಎರಡು ಕೈಯಲ್ಲಿ ಸೆರಗು ಒಡ್ಡಿದಳು. ಗಂಟು ಮಡಿಲಿಗೆ ಬಿದ್ದ ಮೇಲೆ ಕಣ್ಣಿಗೊತ್ತಿಕೊಂಡು, ದಿನದ ಮಾತನ್ನೇ ಹೇಳೋಕೆ ಹೊರಟವಳು ನಿಂತು ಕೇಳಿದಳು: "ಆಯಮ್ಮನ ಹೆಸ್ರೇನಮ್ಮಾ?"

ಮೂವತ್ತೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

"ಕೃಷ್ಣವೇಣಿ," ಎಂದಳು ಭಾಗೀರಥಮ್ಮ.

"ಕಿಸ್ನವೇಣಮ್ಮನ ಹೊಟ್ಟೆ ತಣ್ಗಿರ್ಲಿ," ಎಂದಳು ಸುಬ್ಬಮ್ಮ.

ಭಾಗೀರಥಮ್ಮ ಅವಳನ್ನು ನಲ್ಲಿ ಕಟ್ಟೆಯಿಂದ ಎಬ್ಬಿಸಿ ಒಳಗೆ ಕರೆದುಕೊಂಡು ಹೋಗಿ, ಅಡುಗೆಮನೆಯ ಹೊಸಲಿನ ಪಕ್ಕ ಮಣೆ ಹಾಕಿ ಕೂರಿಸಿ, ಮನೆಯ ಲೋಟದಲ್ಲೇ ಮೊದಲನೇ ಡಿಕಾಕ್ಷನ್ನಿನ ಕಾಫಿ ಬೆರೆಸಿದಳು. ತನಗೂ ಒಂದು ಲೋಟ ಬೆರೆಸಿಕೊಂಡು, ಎದುರಿಗೆ ಕೂತು ಕುಡಿದಳು.